ಮುದ್ರೆ ಯಾರದು, ಅನುಮತಿ ಯಾರದು? ಟೆಲಿಗ್ರಾಂ ಸಂದೇಶಗಳಿಂದ ಭಾಷಾಸಾಮಗ್ರಿ ಸಂಗ್ರಹಿಸುವವರಿಗೆ ಕೆಲವು ತಿಳಿವಳಿಕೆಗಳು

ಕೆಂಪುನಾರಾಯಣನ ‘ಮುದ್ರಾಮಂಜೂಷ’ವು (೧೮೨೩) ವಿಶಾಖದತ್ತನ ‘ಮುದ್ರಾರಾಕ್ಷಸ’ದ ವಸ್ತುವನ್ನು ಕನ್ನಡ ಗದ್ಯಕ್ಕೆ ತಂದ ಕೃತಿಯೆಂಬುದು ಸರ್ವವಿದಿತ. ವಿಶಾಖದತ್ತನ ನಾಟಕದಲ್ಲಿ ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಸೇರುತ್ತದೆ. ಆ ಮುದ್ರೆ ಬಿದ್ದ ಕಪಟಪತ್ರವು ರಾಕ್ಷಸನದೇ ಎಂದು ಮಲಯಕೇತು ನಂಬುತ್ತಾನೆ. ತನ್ನನ್ನು ಒತ್ತಿದ ಕೈ ಯಾವುದೆಂಬುದನ್ನು ಮುದ್ರೆ ಹೇಳಲಾರದು. ಗಣಕಯಂತ್ರಗಳ ನಡುವಣ ಸಂದೇಶ ವ್ಯವಹಾರದಲ್ಲಿಯೂ ಪರಿಸ್ಥಿತಿ ಬಹುಮಟ್ಟಿಗೆ ಇದೇ ಆಗಿದೆ. ಆಡುಮಾತಿಗೆ ಸಮೀಪವಾದ ಬರೆಹದ ಕನ್ನಡವನ್ನು ಅಭ್ಯಸಿಸುವವರಿಗೆ ಟೆಲಿಗ್ರಾಂ ಗುಂಪುಗಳ ಸಂಭಾಷಣೆಯು ಸಮೃದ್ಧ ಆಕರವಾದುದರಿಂದ, ಆ ಆಕರದ ಬಾಗಿಲು ತೆರೆಯುವ ಕ್ರಮವನ್ನೂ ಅದರಲ್ಲಿ ಅಡಗಿರುವ ಹೊಣೆಯನ್ನೂ ಇಲ್ಲಿ ವಿವರಿಸಲಾಗಿದೆ.

ಪ್ರೋಗ್ರಾಂ ಬರೆಯುವವರು ಹೇಳುವ ‘ಲೈಬ್ರರಿ’ಯೆಂದರೆ ಇತರರು ಬರೆದಿಟ್ಟ, ನಾವು ಕರೆದು ಬಳಸಬಹುದಾದ ಆದೇಶಗಳ ಕಟ್ಟು. ಇದನ್ನು ‘ಗ್ರಂಥಾಲಯ’ವೆಂದು ಅನುವಾದಿಸಿದರೆ ನಮ್ಮಂಥವರಿಗೆ ಕಪಾಟುಗಳೇ ನೆನಪಾಗುವುದರಿಂದ ಮೂಲಪದವನ್ನೇ ಉಳಿಸಿಕೊಂಡಿದ್ದೇನೆ. ಟೆಲಿಥಾನ್ ಎಂಬುದು ಪೈಥಾನ್ ಭಾಷೆಯಲ್ಲಿ ಟೆಲಿಗ್ರಾಂಗಾಗಿ ಇರುವ ಅಂಥದೊಂದು ಲೈಬ್ರರಿ. ಇದನ್ನು ಬಳಸುವವರು ಮೊದಲು ಟೆಲಿಗ್ರಾಂನ ‘ಮೈ ಡಾಟ್ ಟೆಲಿಗ್ರಾಂ ಡಾಟ್ ಆರ್ಗ್’ ತಾಣದಲ್ಲಿ ತಮ್ಮ ದೂರವಾಣಿ ಸಂಖ್ಯೆಯನ್ನು ನೀಡಬೇಕು. ದೃಢೀಕರಣದ ಸಂಕೇತವು ಟೆಲಿಗ್ರಾಂ ಆ್ಯಪ್‌ನೊಳಗೇ ಬರುತ್ತದೆ. ಎಸ್‌ಎಂಎಸ್ ಪೆಟ್ಟಿಗೆಯನ್ನು ನೋಡುತ್ತ ಕುಳಿತರೆ ಪ್ರಯೋಜನವಿಲ್ಲ. ಅನಂತರ ತಮ್ಮ ಪ್ರೋಗ್ರಾಂಗೊಂದು ಹೆಸರು ಕೊಟ್ಟು ಅರ್ಜಿ ತುಂಬಿದರೆ ಎರಡು ವಸ್ತುಗಳು ದೊರೆಯುತ್ತವೆ: ‘ಎಪಿಐ ಐಡಿ’ ಎಂಬ ಸಂಖ್ಯೆ ಮತ್ತು ‘ಎಪಿಐ ಹ್ಯಾಶ್’ ಎಂಬ ಅಕ್ಷರ-ಅಂಕಿಗಳ ಗುಪ್ತ ಸರಣಿ. ಒಂದು ದೂರವಾಣಿ ಸಂಖ್ಯೆಗೆ ಒಂದೇ ಐಡಿ. ಹ್ಯಾಶ್ ಬಯಲಾದರೆ ಅದನ್ನು ರದ್ದುಪಡಿಸಿ ಹೊಸದನ್ನು ಪಡೆಯಲು ಅವಕಾಶವಿಲ್ಲವಾದ್ದರಿಂದ ಅದನ್ನು ಪ್ರೋಗ್ರಾಂನ ಪಠ್ಯದಲ್ಲಿಯೇ ಬರೆದು ಸಹಸಂಶೋಧಕರಿಗೆ ಕಳುಹಿಸುವ ಅಭ್ಯಾಸ ಸಲ್ಲದು. ಬೇರೊಂದು ಕಡತದಲ್ಲಿಟ್ಟು ಅಲ್ಲಿಂದ ಓದಿಸಿಕೊಳ್ಳಬೇಕು.

ಇಲ್ಲೊಂದು ಭೇದವನ್ನು ಗಮನಿಸುವುದು ಅಗತ್ಯ. ಈ ಐಡಿ ಮತ್ತು ಹ್ಯಾಶ್‌ಗಳು ಬಂದಿರುವ ಪ್ರೋಗ್ರಾಂ ಯಾವುದೆಂದು ತಿಳಿಸುತ್ತವೆಯೇ ಹೊರತು ಬಂದಿರುವ ವ್ಯಕ್ತಿ ಯಾರೆಂದು ತಿಳಿಸುವುದಿಲ್ಲ. ವ್ಯಕ್ತಿಯ ಗುರುತು ಎರಡನೆಯ ಹಂತದ್ದು. ಟೆಲಿಥಾನ್ ಮೊದಲ ಬಾರಿ ಓಡಿದಾಗ ದೂರವಾಣಿ ಸಂಖ್ಯೆಯನ್ನೂ ಸಂಕೇತವನ್ನೂ, ಎರಡು ಹಂತದ ದೃಢೀಕರಣವನ್ನು ಇಟ್ಟುಕೊಂಡಿದ್ದರೆ ಅದರ ಗುಪ್ತಪದವನ್ನೂ ಕೇಳುತ್ತದೆ. ಇವು ಸರಿಹೊಂದಿದ ಮೇಲೆ ಅಧಿಕಾರದ ಕೀಲಿಯು ‘ಸೆಷನ್’ ಎಂಬ ಚಿಕ್ಕ ಕಡತದಲ್ಲಿ ಉಳಿಯುತ್ತದೆ. ಮರುದಿನ ಪ್ರೋಗ್ರಾಂ ಓಡಿಸಿದರೆ ಯಾವ ಪ್ರಶ್ನೆಯೂ ಇಲ್ಲ. ಈ ಅನುಕೂಲವೇ ಅಪಾಯದ ಮೂಲವೂ ಆಗಿದೆ. ವಿಭಾಗದ ಗಣಕಕೊಠಡಿಯ ಯಂತ್ರದಲ್ಲಿ ಬಿಟ್ಟುಹೋದ ಆ ಕಡತವನ್ನು ಯಾರಾದರೂ ಪೆನ್‌ಡ್ರೈವಿಗೆ ನಕಲಿಸಿಕೊಂಡರೆ ಅವರಿಗೆ ಸಂಕೇತವೂ ಬೇಡ, ಗುಪ್ತಪದವೂ ಬೇಡ. ಟೆಲಿಗ್ರಾಂನ ಸಾಮಾನ್ಯ ಸಂಭಾಷಣೆಗಳು ಆ ಸಂಸ್ಥೆಯ ಸರ್ವರ್‌ಗಳಲ್ಲಿ ಉಳಿಯುವುದರಿಂದ, ಖಾತೆಯ ಒಡೆಯನು ವರ್ಷಗಳ ಹಿಂದೆ ನಡೆಸಿ ಅಳಿಸದೆ ಉಳಿಸಿಕೊಂಡಿರುವ ಖಾಸಗಿ ಮಾತುಕತೆಯೂ ಅವರಿಗೆ ತೆರೆದುಕೊಳ್ಳುತ್ತದೆ. ಅನುಮಾನ ಬಂದೊಡನೆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ‘ಡಿವೈಸಸ್’ ಎಂಬಲ್ಲಿ ಆ ಸೆಷನ್ನನ್ನು ಕೊನೆಗೊಳಿಸಬೇಕು; ಆಗ ನಕಲು ಮಾಡಿದ ಕಡತವೂ ನಿರುಪಯುಕ್ತವಾಗುತ್ತದೆ.

ಗುರುತು ಮತ್ತು ಅನುಮತಿ ಒಂದೇ ಅಲ್ಲ. ೨೦೧೨ರಲ್ಲಿ ಪ್ರಕಟವಾದ ಓಆಥ್ ೨.೦ ಎಂಬ ವ್ಯವಸ್ಥೆಯಲ್ಲಿ ಅನುಮತಿಗೆ ಮೇರೆಯಿದೆ. ಜಿಮೇಲ್‌ನ ಎಪಿಐ ಬಳಸುವ ಪ್ರೋಗ್ರಾಂಗೆ ಓಲೆಗಳನ್ನು ಓದಲು ಮಾತ್ರ ಬಿಟ್ಟು, ಕಳುಹಿಸಲು ಬಿಡದಿರಬಹುದು. ಟೆಲಿಗ್ರಾಂ ಬಳಕೆದಾರನ ಸೆಷನ್ನಿಗೆ ಅಂಥ ಮೇರೆಯಿಲ್ಲ. ಓದಲೆಂದು ತೆರೆದ ಸೆಷನ್ ಬರೆಯಲೂ ಅಳಿಸಲೂ ಶಕ್ತವಾದುದು. ಮುದ್ರೆಯುಂಗುರದ ಹೋಲಿಕೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ.

ಇನ್ನೊಂದು ಮಾರ್ಗವುಂಟು. ೨೦೧೫ರಿಂದ ಟೆಲಿಗ್ರಾಂ ‘ಬಾಟ್’ಗಳೆಂಬ ಯಾಂತ್ರಿಕ ಖಾತೆಗಳಿಗೆ ಎಪಿಐಯನ್ನು ಒದಗಿಸಿದೆ. ‘ಬಾಟ್‌ಫಾದರ್’ ಎಂಬ ಖಾತೆಗೆ ಸಂದೇಶ ಕಳುಹಿಸಿ, ಹೆಸರನ್ನು ಸೂಚಿಸಿದರೆ ಒಂದು ಟೋಕನ್ ಸಿಗುತ್ತದೆ. ಈ ಟೋಕನ್ನೂ ಮುದ್ರೆಯೇ, ಹಿಡಿದವನೇ ಒಡೆಯ. ಆದರೆ ಬಯಲಾದರೆ ಬಾಟ್‌ಫಾದರ್ ಮೂಲಕವೇ ರದ್ದುಪಡಿಸಿ ಹೊಸದನ್ನು ಪಡೆಯಬಹುದು. ಗುಂಪಿಗೆ ಸೇರಿಸಿದ ಬಾಟ್‌ಗೆ ಅಲ್ಲಿನ ಎಲ್ಲ ಮಾತೂ ಕೇಳಿಸುವುದಿಲ್ಲ. ಮೂಲಸ್ಥಿತಿಯಲ್ಲಿ ತನಗೆ ಸಂಬೋಧಿಸಿದ ಆದೇಶಗಳೂ ತನ್ನ ಸಂದೇಶಕ್ಕೆ ಬಂದ ಉತ್ತರಗಳೂ ಮುಖ್ಯವಾಗಿ ದೊರೆಯುತ್ತವೆ. ಈ ನಿರ್ಬಂಧವನ್ನು ತೆಗೆದರೂ, ಬಾಟ್ ಗುಂಪಿಗೆ ಸೇರುವ ಮೊದಲಿನ ಸಂಭಾಷಣೆ ಅದಕ್ಕೆ ಎಟುಕದು.

ಸಾಮಗ್ರಿಯ ಪ್ರಮಾಣವನ್ನೇ ಲೆಕ್ಕಿಸುವವರಿಗೆ ಇದು ಕೊರತೆಯಾಗಿ ತೋರಬಹುದು. ಆದರೂ ನನ್ನ ಅಭಿಪ್ರಾಯದಲ್ಲಿ ಸಂಶೋಧನೆಗೆ ಬಾಟ್ ಮಾರ್ಗವೇ ಯೋಗ್ಯ. ಬಾಟ್ ಗುಂಪಿನೊಳಗೆ ತನ್ನದೇ ಹೆಸರಿನಲ್ಲಿ, ಬಾಟ್ ಎಂದೇ ಗುರುತಾಗುವಂತೆ ಇರುತ್ತದೆ. ಸದಸ್ಯರು ಕಂಡು ಪ್ರಶ್ನಿಸಬಹುದು, ತೆಗೆದುಹಾಕುವಂತೆ ಕೇಳಬಹುದು. ಸಂಶೋಧಕನ ಸ್ವಂತ ಸೆಷನ್ ಮೂಲಕ ನಡೆಯುವ ಸಂಗ್ರಹ ಯಾರ ಕಣ್ಣಿಗೂ ಬೀಳದು. ಕ್ಷೇತ್ರಕಾರ್ಯದಲ್ಲಿ ಧ್ವನಿಮುದ್ರಣ ಯಂತ್ರವನ್ನು ಹೇಳುವವರ ಎದುರಿಗೇ ಇಟ್ಟು ಕೂಡುವುದಕ್ಕೂ ಚೀಲದಲ್ಲಿ ಅಡಗಿಸಿಡುವುದಕ್ಕೂ ಇರುವ ಅಂತರವೇ ಇಲ್ಲಿಯೂ ಇದೆ. ೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಸಂಶೋಧನೆಗೆ ಷರತ್ತುಬದ್ಧ ವಿನಾಯಿತಿ ನೀಡಿದೆ ನಿಜ. ಆದರೆ ಮಾತನಾಡಿದವರನ್ನು ಕೇಳುವ ಸೌಜನ್ಯದಿಂದ ಅದು ನಮಗೆ ವಿನಾಯಿತಿ ನೀಡಲಾರದು. ಟೆಲಿಗ್ರಾಂ ನೀಡುವ ಐಡಿ, ಹ್ಯಾಶ್, ಟೋಕನ್ನುಗಳೆಲ್ಲ ಆ ಸಂಸ್ಥೆಯು ಕೊಡುವ ಪ್ರವೇಶ. ಗುಂಪಿನ ಸದಸ್ಯರ ಒಪ್ಪಿಗೆಯನ್ನು ಬೇರೆಯಾಗಿಯೇ, ಕನ್ನಡದಲ್ಲಿಯೇ, ಸಂಗ್ರಹಕ್ಕೆ ಮೊದಲೇ ಪಡೆಯಬೇಕಾಗುತ್ತದೆ. ಒಪ್ಪದವರ ಸಂದೇಶಗಳನ್ನು ಕಡತಕ್ಕೆ ಸೇರುವ ಮುನ್ನವೇ ಕೈಬಿಡುವಂತೆ ಪ್ರೋಗ್ರಾಂ ಬರೆಯುವುದು ಕಷ್ಟವೇನಲ್ಲ. ಪ್ರತಿ ಸಂದೇಶದೊಡನೆ ಕಳುಹಿಸಿದವರ ಗುರುತುಸಂಖ್ಯೆ ಬರುವುದರಿಂದ ಅದನ್ನು ಹೋಲಿಸಿ ನೋಡಿದರೆ ಸಾಕು.