ಅಮಾನತ್ತಾಗಿ ಬರುವ ಫೋಟೊಗಳು

ನಮ್ಮ ಮನೆಗಳಲ್ಲಿ ಫೋಟೊಗಳಿಗೆ ಬರವಿಲ್ಲ. ಗಲ್ಫಿನಲ್ಲಿರುವ ಮಗ, ಬೆಂಗಳೂರಿನಲ್ಲಿ ಓದುವ ಮಗಳು, ಹೆರಿಗೆಗೆ ತವರಿಗೆ ಹೋದ ಸೊಸೆ, ಎಲ್ಲರೂ ದಿನಾ ಫ್ಯಾಮಿಲಿ ಗ್ರೂಪಿಗೆ ಹಾಕ್ತಾರೆ. ಆದರೆ ಫೋನ್ ಒಮ್ಮೆ ನೀರಿಗೆ ಬಿದ್ದರೆ ಎಲ್ಲ ಮುಗಿಯಿತು. ಉಮ್ಮನ ಕಪಾಟಿನಲ್ಲಿರುವ ಹಳೇ ಆಲ್ಬಂ ಮಾತ್ರ ಇನ್ನೂ ಹಾಗೇ ಇರುತ್ತದೆ.

ಈ ಕೊರತೆಯನ್ನೇ ಕಸುಬು ಮಾಡಿಕೊಂಡ ಯುವಕರು ಈಗ ನಮ್ಮ ನಡುವೆ ಇದ್ದಾರೆ. ನನ್ನಲ್ಲಿ ಮದ್ರಸ ಕಲಿತ ಒಬ್ಬ ಹುಡುಗ ಮನೆಯ ಒಂದು ಕೋಣೆಯಲ್ಲೇ ಪ್ರಿಂಟರ್ ಇಟ್ಟುಕೊಂಡಿದ್ದಾನೆ. ವಾಟ್ಸಾಪ್, ಇನ್‌ಸ್ಟಾಗ್ರಾಂನಲ್ಲಿರುವ ಫೋಟೊಗಳನ್ನು ಪ್ರಿಂಟ್ ಮಾಡಿ ಅಂಚೆಯಲ್ಲೋ ಕೊರಿಯರಿನಲ್ಲೋ ಮನೆಗೆ ಕಳಿಸುವುದು ಅವನ ಕೆಲಸ. (ಫೋಟೊ ಗೋಡೆಗೆ ಹಾಕಬಹುದಾ ಬೇಡವಾ ಎಂಬ ಚರ್ಚೆ ನಮ್ಮಲ್ಲಿದೆ. ಅದು ಇವತ್ತಿನ ವಿಷಯ ಅಲ್ಲ.)

ಅವನಿಗೆ ಹೆಚ್ಚು ತಲೆನೋವು ಕೊಡುವುದು ಮಸುಕು ಫೋಟೊಗಳು. 4×6 ಇಂಚಿನ ಪ್ರಿಂಟ್ ಚೆನ್ನಾಗಿ ಬರಬೇಕಾದರೆ ಸುಮಾರು 1200×1800 ಪಿಕ್ಸೆಲ್ ಬೇಕು. ಇನ್‌ಸ್ಟಾಗ್ರಾಂ ಹೆಚ್ಚಾಗಿ 1080 ಪಿಕ್ಸೆಲ್ ಅಗಲಕ್ಕೆ ಇಳಿಸಿ ಇಡುತ್ತದೆ. ವಾಟ್ಸಾಪ್ ಕೂಡ ಕುಗ್ಗಿಸಿಯೇ ಕಳಿಸುವುದು. ಹತ್ತು ಗ್ರೂಪ್ ಸುತ್ತಿ ಬಂದ ಫೋಟೊ, ಅದರ ಮೇಲೆ ಒಂದು ಸ್ಕ್ರೀನ್‌ಶಾಟ್! ಅದನ್ನು ಕಳಿಸಿ ದೊಡ್ಡ ಫ್ರೇಮ್ ಮಾಡಿ ಕೊಡು ಎಂದರೆ ಅವನಾದರೂ ಏನು ಮಾಡಿಯಾನು? ತೆಗೆದವರ ಫೋನಿನಿಂದಲೇ ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಇದ್ದದ್ದು ಇದ್ದ ಹಾಗೆ ಬರುತ್ತದೆ. 2023ರಿಂದ ‘ಎಚ್‌ಡಿ’ ಗುಂಡಿಯೂ ಇದೆ, ಅದೂ ಪರವಾಗಿಲ್ಲ.

ಇನ್ನೊಂದು, ಅಳತೆ. ಫೋನ್ ತೆಗೆಯುವ ಫೋಟೊ ಸಾಮಾನ್ಯವಾಗಿ 4:3. ಅದನ್ನು 4×6 ಕಾಗದದ ತುಂಬಾ ಹಾಕಿದರೆ ಒಟ್ಟು ಅರ್ಧ ಇಂಚು ಕತ್ತರಿಸಿ ಹೋಗುತ್ತದೆ. ಗ್ರೂಪ್ ಫೋಟೊದಲ್ಲಿ ಆ ಅರ್ಧ ಇಂಚಿನಲ್ಲಿ ಯಾರದೋ ತಲೆ ಇರುತ್ತದೆ, ಹೆಚ್ಚಾಗಿ ಹಿಂದೆ ನಿಂತ ದೊಡ್ಡವರದ್ದೇ. ಅದಕ್ಕೆ ಇವನು ಮೊದಲು ಕೇಳುತ್ತಾನೆ: ಬಿಳಿ ಅಂಚು ಬಿಡಬೇಕಾ, ಕತ್ತರಿಸಬೇಕಾ?

ಮೊದಲೆಲ್ಲ ಗ್ರಾಹಕರು ತಮ್ಮ ಇನ್‌ಸ್ಟಾಗ್ರಾಂ ಖಾತೆಯನ್ನು ಪ್ರಿಂಟಿಂಗ್ ಸೈಟಿಗೆ ಜೋಡಿಸಿದರೆ ಫೋಟೊಗಳು ನೇರ ಅಲ್ಲಿಗೆ ಬರುತ್ತಿದ್ದವು. 2024ರ ಡಿಸೆಂಬರಿನಲ್ಲಿ ವೈಯಕ್ತಿಕ ಖಾತೆಗಳ ಆ ದಾರಿಯನ್ನು ಕಂಪೆನಿ ಮುಚ್ಚಿತು. ಈಗ ನಾವೇ ಇಳಿಸಿಕೊಂಡು ಕಳಿಸಬೇಕು. ‘ಪಾಸ್‌ವರ್ಡ್ ಕೊಡಿ, ನಾವೇ ತೆಗೆದುಕೊಳ್ತೇವೆ’ ಎನ್ನುವವರು ಸಿಕ್ಕರೆ ಅಲ್ಲಿಂದಲೇ ವಾಪಸ್ ಬನ್ನಿ.

ಮನೆಯ ಹೆಂಗಸರ, ಮಕ್ಕಳ ಫೋಟೊ ಒಬ್ಬ ಪರಿಚಯವಿಲ್ಲದವನ ಕೈಗೆ ಹೋಗುತ್ತದಲ್ಲ, ನಮ್ಮವರು ಹಿಂದೇಟು ಹಾಕುವುದು ಇದಕ್ಕೇ. ಈ ಹೆದರಿಕೆ ತಪ್ಪಲ್ಲ. ಅಂಗಡಿಯ ಫೋನಿನ ವಾಟ್ಸಾಪಿಗೆ ಬಂದದ್ದು ಸುಮ್ಮನೆ ಗ್ಯಾಲರಿಯಲ್ಲಿ ಕೂತುಬಿಡುತ್ತದೆ. ಅಂಗಡಿಯ ಕಂಪ್ಯೂಟರಿನಲ್ಲಿ ನಮ್ಮದೇ ವಾಟ್ಸಾಪ್ ತೆರೆದು, ಲಾಗೌಟ್ ಮಾಡದೆ ಎದ್ದು ಬರುವವರೂ ಇದ್ದಾರೆ. ಹೆಚ್ಚಿನವರಿಗೆ ಗೊತ್ತಿಲ್ಲದ ಸಂಗತಿ ಇನ್ನೊಂದಿದೆ. ಡೈ-ಸಬ್ಲಿಮೇಷನ್ ಎಂಬ ಪ್ರಿಂಟರಿನಲ್ಲಿ ಹಳದಿ, ಮೆಜೆಂಟಾ, ಸಯಾನ್ ಬಣ್ಣಗಳ ರಿಬ್ಬನ್ ಇರುತ್ತದೆ. ಮುಗಿದ ರಿಬ್ಬನನ್ನು ಬೆಳಕಿಗೆ ಹಿಡಿದರೆ ಪ್ರಿಂಟ್ ಆದ ಪ್ರತಿ ಫೋಟೊದ ನೆರಳು ಹಳೇ ನೆಗೆಟಿವ್ ತರಹ ಅದರಲ್ಲಿ ಕಾಣುತ್ತದೆ. ಅದನ್ನು ಹಾಗೇ ಕಸಕ್ಕೆ ಎಸೆಯುವುದೂ ಆಲ್ಬಂ ಅನ್ನು ರಸ್ತೆಯಲ್ಲಿ ಬಿಡುವುದೂ ಒಂದೇ. ಈ ಹುಡುಗ ರಿಬ್ಬನ್ ಮತ್ತು ಕೆಟ್ಟುಹೋದ ಪ್ರಿಂಟುಗಳನ್ನು ತುಂಡು ತುಂಡು ಮಾಡುತ್ತಾನೆ. ಪಾರ್ಸೆಲ್ ತಲುಪಿದ ಮೇಲೆ ಫೈಲುಗಳನ್ನು ಅಳಿಸಿ ‘ಡಿಲೀಟ್ ಆಯ್ತು’ ಎಂದು ಮೆಸೇಜ್ ಹಾಕುತ್ತಾನೆ. ಸ್ಯಾಂಪಲ್ ಅಂತ ತನ್ನ ಪೇಜಿನಲ್ಲಿ ಯಾರ ಮಕ್ಕಳ ಫೋಟೊವನ್ನೂ ಹಾಕಿಲ್ಲ, ಮರ ಗಿಡ ಸಮುದ್ರದ್ದು ಮಾತ್ರ. ಕೈಗೆ ಬಂದದ್ದು ಅಮಾನತ್ ಎಂದು ಮದ್ರಸದಲ್ಲಿ ಎಷ್ಟು ಸಲ ಹೇಳಿದ್ದೇನೋ, ಯಾರ ಕಿವಿಗೆ ಬಿತ್ತು ಅಂತ ಉಸ್ತಾದರಿಗೆ ಗೊತ್ತಾಗುವುದು ಹೀಗೆ ಇಪ್ಪತ್ತು ವರ್ಷ ಕಳೆದ ಮೇಲೆ.

ಸಂಪಾದನೆ? ಉಂಟು, ಆದರೆ ಜಾಗ್ರತೆ ಬೇಕು. ‘ಕ್ಯಾಶ್ ಆನ್ ಡೆಲಿವರಿ’ ಈ ವ್ಯಾಪಾರಕ್ಕೆ ಹೇಳಿದ್ದಲ್ಲ. ಬಟ್ಟೆ ವಾಪಸ್ ಬಂದರೆ ಇನ್ನೊಬ್ಬರಿಗೆ ಮಾರಬಹುದು. ಒಬ್ಬರ ನಿಖಾಹ್ ಫೋಟೊವನ್ನು ಬೇರೆ ಯಾರು ಕೊಳ್ತಾರೆ ಮಾರಾಯ್ರೆ? ಆದ್ದರಿಂದ ಅವನು ಹಣ ಮೊದಲೇ ತೆಗೆದುಕೊಳ್ಳುತ್ತಾನೆ. ಯುಎಇ, ಸೌದಿ, ಕತಾರ್, ಒಮಾನ್ ನಂಬರುಗಳಿಗೂ ಎನ್‌ಆರ್‌ಇ, ಎನ್‌ಆರ್‌ಒ ಖಾತೆ ಜೋಡಿಸಿ ಯುಪಿಐ ಬಳಸಲು 2023ರಲ್ಲಿ ಅನುಮತಿ ಸಿಕ್ಕಿದ್ದು ಇವನಿಗೆ ದೊಡ್ಡ ಉಪಕಾರವಾಯಿತು. ಮಗ ದಮ್ಮಾಮಿನಲ್ಲಿ ಕೂತು ಆರ್ಡರ್ ಕೊಡುತ್ತಾನೆ, ಕವರ್ ಇಲ್ಲಿ ಉಮ್ಮನ ಕೈಗೆ ಹೋಗುತ್ತದೆ.

ಮಳೆಗಾಲದಲ್ಲಿ ಮಾತ್ರ ಕವರಿನೊಳಗೆ ಪ್ಲಾಸ್ಟಿಕ್, ಎರಡು ಕಡೆ ದಪ್ಪ ರಟ್ಟು ಇಲ್ಲದೆ ಕಳಿಸುವ ಹಾಗಿಲ್ಲ. ಮದುವೆ ಆಲ್ಬಂ ಬೇಕಾದವರು ಹದಿನೈದು ದಿನ ಮುಂಚೆ ಹೇಳಬೇಕಂತೆ. ‘ನಾಳೆ ಬೇಕು’ ಎಂದವರಿಗೆ ಆಗುವುದಿಲ್ಲ ಎಂದೇ ಹೇಳುತ್ತಾನೆ, ಅದು ನಾನಾದರೂ ಸರಿ.