ಕಾಫಿ ಬಂದ ನಾಡಿಗೆ ಇಂಗ್ಲಿಷ್ ಮೇಷ್ಟ್ರು

ಸಕಲೇಶಪುರ ಬಿಟ್ಟು ಮಂಗಳೂರಿನತ್ತ ಹೊರಟ ಬಸ್ಸಿಗೆ ಆನೇಮಹಲ್ ಕೆಲವೇ ನಿಮಿಷಗಳ ದಾರಿ. ರಸ್ತೆಯ ಇಕ್ಕೆಲಗಳಲ್ಲೂ ಕಾಫಿ ತೋಟ, ಸಿಲ್ವರ್ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಸ್ವಲ್ಪ ಮುಂದೆ ಹೋದರೆ ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ. ಈ ತೋಟಗಳ ಮೂಲ ಬೀಜ ಬಂದದ್ದು ಎಲ್ಲಿಂದ? ಯೆಮೆನ್ ದೇಶದ ಮೋಕಾ ಬಂದರಿನಿಂದ ಬಾಬಾ ಬುಡನ್ ಏಳು ಕಾಫಿ ಬೀಜ ತಂದರೆಂಬ ಐತಿಹ್ಯ ಮಲೆನಾಡಿನ ಮಕ್ಕಳಿಗೆಲ್ಲ ಗೊತ್ತು.

ಆ ದೇಶಕ್ಕೆ ಕನ್ನಡ ನಾಡಿನಿಂದ ಹೋದದ್ದೂ ಒಂದುಂಟು. ಅದು ಇಂಗ್ಲಿಷ್ ಪಾಠ! ಕಾಸರಗೋಡಿನ ಕಾರಡ್ಕದಲ್ಲಿ 1940ರಲ್ಲಿ ಹುಟ್ಟಿದ ಕವಿ ಕೆ.ವಿ. ತಿರುಮಲೇಶ್ ಹೈದರಾಬಾದಿನಲ್ಲಿ ಬಹುಕಾಲ ಅಧ್ಯಾಪಕರಾಗಿದ್ದು, ಬಳಿಕ ಯೆಮೆನ್‌ನ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಬೋಧಿಸಿದರು. ಸರೋದ್ ವಾದಕ ರಾಜೀವ ತಾರಾನಾಥರೂ ಅದೇ ದೇಶದ ಏಡನ್ನಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಅದಕ್ಕೂ ಮೊದಲೇ ಕವಿ ಬಿ.ಸಿ. ರಾಮಚಂದ್ರ ಶರ್ಮರು ಅಧ್ಯಾಪಕರಾಗಿ ಇಥಿಯೋಪಿಯಾಕ್ಕೆ ಹೋಗಿದ್ದರು. ಅಲ್ಲಿನ ಶಾಲೆಗಳಲ್ಲಿ ಆಗ ಭಾರತದ ಶಿಕ್ಷಕರು ದೊಡ್ಡ ಸಂಖ್ಯೆಯಲ್ಲಿದ್ದರು.

ಇಂದು ಎಂ.ಎ., ಬಿ.ಎಡ್. ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಇದೇ ದಾರಿಯ ಮಾತು ಮತ್ತೆ ಕೇಳುತ್ತದೆ. ಮಾಲ್ಡೀವ್ಸ್, ಥಾಯ್ಲೆಂಡ್, ವಿಯೆಟ್ನಾಂ, ಕೊಲ್ಲಿ ರಾಷ್ಟ್ರಗಳು... ಹೆಸರುಗಳಿಗೇನೂ ಬರವಿಲ್ಲ. ಆದರೆ ಇಂಗ್ಲಿಷ್ ಚೆನ್ನಾಗಿ ಬಂದರೆ ಸಾಕೆ?

ಹುಟ್ಟಿದ ದೇಶವೂ ಅರ್ಹತೆ!

ಸಾಲದು. ಮೊದಲ ಅಡ್ಡಗೋಡೆ ಪಾಸ್‌ಪೋರ್ಟಿನದು. ದಕ್ಷಿಣ ಕೊರಿಯಾ ತನ್ನ ಇಂಗ್ಲಿಷ್ ಶಿಕ್ಷಕರ ವೀಸಾ ಕೊಡುವಾಗ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಐರ್ಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳವರನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಿತ್ತು. 2010ರಲ್ಲಿ ಜಾರಿಗೆ ಬಂದ ಭಾರತ-ಕೊರಿಯಾ ಆರ್ಥಿಕ ಒಪ್ಪಂದ ನಮ್ಮವರಿಗೂ ಒಂದು ಕಿಂಡಿ ತೆರೆಯಿತು. ಅದೂ ಇಂಗ್ಲಿಷ್ ಬೋಧನೆಯ ಅರ್ಹತಾಪತ್ರ ಇದ್ದವರಿಗೆ, ಸಹಾಯಕ ಶಿಕ್ಷಕರಾಗಿ. ಬೇರೆ ದೇಶಗಳಲ್ಲೂ 'ಇಂಗ್ಲಿಷ್ ಮಾತೃಭಾಷೆಯವರು ಮಾತ್ರ' ಎಂಬ ಜಾಹೀರಾತು ಅಪರೂಪವಲ್ಲ. ಇಂಥ ಕಡೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯುವುದಕ್ಕಿಂತ ಮೊದಲೇ ಆ ದೇಶದ ರಾಯಭಾರ ಕಚೇರಿಯ ನಿಯಮ ನೋಡುವುದು ಲೇಸು.

ಕಾಗದಪತ್ರಗಳ ಘಾಟಿ

ಎರಡನೆಯದು ಶಿರಾಡಿ ಘಾಟಿಯಂಥದೇ ತಿರುವು ಮುರುವಿನ ಹಾದಿ. ಪದವಿ ಪ್ರಮಾಣಪತ್ರವನ್ನು ಮೊದಲು ರಾಜ್ಯ ಮಟ್ಟದಲ್ಲಿ ದೃಢೀಕರಿಸಬೇಕು. ಆಮೇಲೆ ವಿದೇಶಾಂಗ ಸಚಿವಾಲಯದ 'ಅಪೋಸ್ಟಿಲ್' ಮುದ್ರೆ ಬೀಳಬೇಕು. ಭಾರತ 2005ರಲ್ಲಿ ಈ ಅಂತರರಾಷ್ಟ್ರೀಯ ಒಡಂಬಡಿಕೆಗೆ ಸೇರಿತು. ಒಡಂಬಡಿಕೆಯಲ್ಲಿಲ್ಲದ ದೇಶಕ್ಕೆ ಹೊರಟರೆ ಆ ದೇಶದ ರಾಯಭಾರ ಕಚೇರಿಯ ಮುದ್ರೆಯೂ ಬೇಕು. ಅಂಕಪಟ್ಟಿಯಲ್ಲೊಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು ಬಗೆಯಲ್ಲಿ ಹೆಸರಿದ್ದರೆ ಕೆಲಸ ಅಲ್ಲೇ ನಿಂತಿತು. ಊರಿನ ಹೆಸರು, ತಂದೆಯ ಹೆಸರು, ಇನಿಷಿಯಲ್ಲು ಎಲ್ಲ ಬೆರೆಸಿ ಬರೆಯುವ ನಮ್ಮ ಕಡೆಯವರಿಗೆ ಈ ತೊಡಕು ಹೆಚ್ಚು. ವಿದ್ಯಾರ್ಥಿಗಳು ಎಸ್ಸೆಸ್ಸೆಲ್ಸಿ ಹಂತದಲ್ಲೇ ಇದನ್ನು ಸರಿಪಡಿಸಿಕೊಳ್ಳಬೇಕು.

ಕೆಲಸ ಕೊಡಿಸುವ ಏಜೆಂಟರು 1983ರ ವಲಸೆ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು. ಸರ್ಕಾರದ 'ಇ-ಮೈಗ್ರೇಟ್' ಜಾಲತಾಣದಲ್ಲಿ ಅವರ ನೋಂದಣಿ ಇದೆಯೇ ಎಂದು ಯಾರು ಬೇಕಾದರೂ ನೋಡಬಹುದು. ಅವರು ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ಲಕ್ಷಗಳ ಮಾತಾಡಿದರೆ ಪೋಷಕರು ಎದ್ದು ಬರಬಹುದು. 'ಈಗ ಟೂರಿಸ್ಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸೋಣ' ಎಂಬ ಮಾತಿಗಂತೂ ಕಿವಿಗೊಡಬಾರದು. ಪ್ರವಾಸಿ ವೀಸಾದಲ್ಲಿ ಪಾಠ ಮಾಡಿ ಸಿಕ್ಕಿಬಿದ್ದರೆ ದಂಡ, ಗಡೀಪಾರು ಅನುಭವಿಸುವುದು ಶಿಕ್ಷಕರೇ ಹೊರತು ಏಜೆಂಟರಲ್ಲ.

ಕನ್ನಡವಿಲ್ಲದ ತರಗತಿ

ಎಲ್ಲ ದಾಟಿ ತರಗತಿಯೊಳಗೆ ಕಾಲಿಟ್ಟಾಗ ನಿಜವಾದ ಪರೀಕ್ಷೆ. ನಮ್ಮ ಊರಿನ ಶಾಲೆಗಳಲ್ಲಿ ಇಂಗ್ಲಿಷ್ ಮೇಷ್ಟ್ರಿಗೆ ಒಂದು ಊರುಗೋಲಿದೆ. ಮಕ್ಕಳಿಗೆ ಅರ್ಥವಾಗದಿದ್ದರೆ ಕನ್ನಡದಲ್ಲಿ ಒಂದು ಮಾತು ಹೇಳಿದರಾಯಿತು. ಹನೋಯ್‌ನಲ್ಲೋ ಬ್ಯಾಂಕಾಕ್‌ನಲ್ಲೋ ಆ ಊರುಗೋಲು ಇಲ್ಲ. ಮಕ್ಕಳ ಭಾಷೆ ಶಿಕ್ಷಕರಿಗೆ ಬಾರದು, ಶಿಕ್ಷಕರ ಭಾಷೆ ಮಕ್ಕಳಿಗೆ ಬಾರದು. ಚಿತ್ರ, ಅಭಿನಯ, ವಸ್ತು, ಸರಳ ವಾಕ್ಯ ಇವುಗಳಲ್ಲೇ ಪಾಠ ಸಾಗಬೇಕು. ವ್ಯಾಕರಣದ ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸಿ ಅಭ್ಯಾಸವಾದವರು ಇಲ್ಲಿ ಮೊದಲ ವಾರವೇ ಸೋಲುತ್ತಾರೆ.

ಆದರೆ ಇಂಗ್ಲಿಷನ್ನು ಎರಡನೇ ಭಾಷೆಯಾಗಿ ಕಷ್ಟಪಟ್ಟು ಕಲಿತವರಿಗೆ ಒಂದು ಬಲವೂ ಇದೆ. ಕಲಿಯುವವರು ಎಲ್ಲಿ ಎಡವುತ್ತಾರೆಂದು ಅವರಿಗೆ ಗೊತ್ತು. ಕನ್ನಡಿಗರ ನಾಲಿಗೆ 'ಬಸ್' ಅನ್ನು 'ಬಸ್ಸು' ಮಾಡುತ್ತದೆ. ಅರಬ್ಬಿಯಲ್ಲಿ 'ಪ' ಧ್ವನಿಯಿಲ್ಲ, ಆದ್ದರಿಂದ ಅಲ್ಲಿನ ಹುಡುಗನ 'ಪೆನ್' 'ಬೆನ್' ಆಗುತ್ತದೆ. ಜೊತೆಗೆ ಅವನಿಗೆ ಬರವಣಿಗೆ ಬಲದಿಂದ ಎಡಕ್ಕೆ ಅಭ್ಯಾಸ. ತಮ್ಮ ನಾಲಿಗೆಯ ಕಥೆ ನೆನಪಿರುವ ಶಿಕ್ಷಕರು ಇದಕ್ಕೆ ನಗುವುದಿಲ್ಲ, ತಿದ್ದುತ್ತಾರೆ.

ಸಂಬಳದ ಲೆಕ್ಕ

ಸಂಬಳವನ್ನು ರೂಪಾಯಿಗೆ ಗುಣಿಸಿ ಹಿಗ್ಗುವುದು ಎಲ್ಲರೂ ಮಾಡುವ ತಪ್ಪು. ಮನೆ ಬಾಡಿಗೆ ಯಾರದು? ಹೋಗಿಬರುವ ವಿಮಾನದ ಖರ್ಚು ಯಾರದು? ಕರಾರು ಹನ್ನೆರಡು ತಿಂಗಳಿಗೋ, ರಜೆ ಕಳೆದು ಹತ್ತಕ್ಕೋ? ವೈದ್ಯಕೀಯ ವಿಮೆ ಇದೆಯೇ? ಅಲ್ಲಿನ ಹಣವನ್ನು ಡಾಲರಿಗೆ ಬದಲಿಸಿ ಊರಿಗೆ ಕಳಿಸಲು ಮಿತಿ ಇದೆಯೇ? ಇಷ್ಟೂ ಬರಹದಲ್ಲಿರಬೇಕು. ಅನಿವಾಸಿಗಳಾದ ಮೇಲೆ ಊರಿನ ಬ್ಯಾಂಕಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸುವುದೂ ಕಡ್ಡಾಯ. ಪಾಸ್‌ಪೋರ್ಟನ್ನು ತಾವೇ ಇಟ್ಟುಕೊಳ್ಳುತ್ತೇವೆಂದು ಶಾಲೆಯವರು ಕೇಳಿದರೆ, ಅದು ಭಾರತ ಸರ್ಕಾರದ ಸ್ವತ್ತು ಎಂಬುದು ನೆನಪಿರಲಿ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಹೇಳುವುದು ಆ ಯೆಮೆನ್ ದೇಶವೇ. 2015ರಲ್ಲಿ ಯುದ್ಧ ಜೋರಾದಾಗ ಭಾರತ 'ಆಪರೇಷನ್ ರಾಹತ್' ನಡೆಸಿ ಹಡಗು, ವಿಮಾನಗಳಲ್ಲಿ 4,600ಕ್ಕೂ ಹೆಚ್ಚು ಭಾರತೀಯರನ್ನು ಕರೆತಂದಿತು. ಏಡನ್, ಹೊಡೈದಾ ಬಂದರುಗಳಲ್ಲಿ ನೌಕಾಪಡೆಯ ಹಡಗು ಹತ್ತಿದವರು ಕೈಯಲ್ಲಿ ಹಿಡಿಯುವಷ್ಟನ್ನೇ ತಂದರು. 2017ರಲ್ಲಿ ಆ ದೇಶಕ್ಕೆ ಪ್ರಯಾಣವನ್ನೇ ಭಾರತ ನಿಷೇಧಿಸಿತು. ಹಾಗಾಗಿ ಯಾವ ದೇಶಕ್ಕೇ ಹೋಗಲಿ, ತಲುಪಿದ ವಾರದಲ್ಲೇ ಭಾರತೀಯ ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿ, ಪ್ರಮಾಣಪತ್ರಗಳ ಪ್ರತಿಗಳನ್ನು ಮನೆಯಲ್ಲಿ ಬಿಟ್ಟಿರುವುದು ಜಾಣತನ.

ತೋಟದ ಮನೆಯವರಿಗೆ ಇದು ಹೊಸ ಲೆಕ್ಕವೇನಲ್ಲ. ಕಾಫಿ ಗಿಡ ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು, ಅಲ್ಲಿಯವರೆಗೆ ನೆರಳೂ ಬೇಕು. ಒಂದು ವರ್ಷದ ಕರಾರನ್ನು ನಂಬಿ ತೋಟದ ಮೇಲೆ ಸಾಲ ಎತ್ತಿದರೆ ಆ ನೆರಳನ್ನೇ ಕಡಿದಂತೆ.

ಹೊರಡುವ ಮನಸ್ಸಿರುವವರಿಗೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಊರಿನ ಶಾಲೆಯಲ್ಲಿ ಕೇಳಿಕೊಂಡು ಒಂದು ವಾರ ಐದನೇ ತರಗತಿಗೆ ಇಂಗ್ಲಿಷ್ ಪಾಠ ಮಾಡಬೇಕು, ಒಂದೂ ಕನ್ನಡ ಪದ ಬಳಸದೆ. ಶನಿವಾರದ ಹೊತ್ತಿಗೆ ಮಕ್ಕಳು ಬಾಯಿಬಿಟ್ಟು ನಾಲ್ಕು ವಾಕ್ಯ ಆಡಿದರೆ ಪಾಸ್‌ಪೋರ್ಟಿಗೆ ಅರ್ಜಿ ಹಾಕಬಹುದು.