ಹೊಂಡಕ್ಕಿಂತ ಹಳೆಯ ಗಡ್ಡೆ

ಕೆಂಗ ಹನುಮಪ್ಪ ನಾಯಕ ಸಂತೇಬೆನ್ನೂರಿನಲ್ಲಿ ಹೊಂಡ ಕಟ್ಟಿಸಿ ನಾನೂರು ವರ್ಷದ ಆಸುಪಾಸು. ಅದರ ಸುತ್ತಲ ಬೀದಿಗಳಲ್ಲಿ ಅಲೆಯುವ ನಾಯಿಯೊಂದರ ಜನನಾಂಗದಲ್ಲಿ ಹೂಕೋಸಿನಂಥ ಗಡ್ಡೆ ಎದ್ದು ರಕ್ತ ತೊಟ್ಟಿಕ್ಕುತ್ತಿದ್ದರೆ, ಆ ಗಡ್ಡೆಗೆ ಹೊಂಡದ ಹತ್ತುಪಟ್ಟಾದರೂ ವಯಸ್ಸಾಗಿರುತ್ತದೆ. ನಾಯಿಗೆ ಮೂರೇ ವರ್ಷವಿರಬಹುದು.

ಪಶುವೈದ್ಯರು ಇದನ್ನು ಟಿ.ವಿ.ಟಿ. ಎನ್ನುತ್ತಾರೆ. ಭಾರತದ ಬೀದಿನಾಯಿಗಳಲ್ಲಿ ಇದು ತೀರಾ ಸಾಮಾನ್ಯ. ಹೆಣ್ಣುನಾಯಿಯಲ್ಲಿ ರಕ್ತ ಕಂಡರೆ ಬೆದೆಗೆ ಬಂದಿದೆ ಎಂದು ಸುಮ್ಮನಾಗುವವರಿದ್ದಾರೆ; ಹುಚ್ಚುನಾಯಿ ಎಂದು ಕಲ್ಲು ಬೀರುವವರೂ ಇದ್ದಾರೆ. ಎರಡೂ ತಪ್ಪು. ಇದು ಕ್ಯಾನ್ಸರ್, ಅದೂ ಅಂಟುವ ಕ್ಯಾನ್ಸರ್. ಅಂಟಿಸುವುದು ವೈರಸ್ ಅಲ್ಲ. ಕೂಡುವಾಗ, ನೆಕ್ಕುವಾಗ, ಮೂಸುವಾಗ ಕ್ಯಾನ್ಸರ್ ಕೋಶಗಳೇ ಕಿತ್ತುಬಂದು ಇನ್ನೊಂದು ನಾಯಿಯಲ್ಲಿ ಬೇರೂರುತ್ತವೆ. ನಾಯಿಯ ಕೋಶದಲ್ಲಿ 78 ವರ್ಣತಂತುಗಳು. ಗಡ್ಡೆಯ ಕೋಶದಲ್ಲಿ 60ರ ಆಸುಪಾಸು. ಅಂದರೆ ಗಡ್ಡೆ ಆ ನಾಯಿಯದ್ದೇ ಅಲ್ಲ! ಕೇಂಬ್ರಿಜ್‌ನ ಎಲಿಜಬೆತ್ ಮರ್ಚಿಸನ್ ಅವರ ತಂಡ 43 ದೇಶಗಳ 546 ಗಡ್ಡೆಗಳನ್ನು ಪರಿಶೀಲಿಸಿ 2019ರಲ್ಲಿ ಲೆಕ್ಕ ಹೇಳಿತು: ಇವೆಲ್ಲ 4,000ದಿಂದ 8,500 ವರ್ಷಗಳ ಹಿಂದೆ ಏಷ್ಯಾದಲ್ಲಿ ಬದುಕಿದ್ದ ಒಂದೇ ನಾಯಿಯ ಕೋಶಗಳು. ಆ ನಾಯಿ ಸತ್ತಿತು, ಅದರ ಕ್ಯಾನ್ಸರ್ ಸಾಯಲಿಲ್ಲ.

ಬೇರೆಯವರ ಕೋಶ ಮೈಯೊಳಗೆ ಬಂದರೆ ರೋಗನಿರೋಧಕ ವ್ಯವಸ್ಥೆ ಸುಮ್ಮನಿರುವುದುಂಟೇ? ಬದಲಿ ಮೂತ್ರಪಿಂಡವನ್ನೇ ಅದು ಬಿಡುವುದಿಲ್ಲ. ಇಲ್ಲಿರುವುದೇ ಸೊಗಸು. ದಾವಣಗೆರೆಯ ಮಂಡಿಯಲ್ಲಿ ಚೀಲದಿಂದ ಒಂದು ಹಿಡಿ ಮೆಕ್ಕೆಜೋಳ ತೆಗೆದು ತೋರಿಸುವಂತೆ, ಪ್ರತಿ ಕೋಶವೂ ತನ್ನೊಳಗಿನ ಪ್ರೋಟೀನಿನ ಚೂರುಗಳನ್ನು ಹೊರಮೈಯಲ್ಲಿ ತೋರಿಸುತ್ತಿರಬೇಕು. ಪಹರೆಯ ಲಿಂಫೋಸೈಟುಗಳು ಮಾದರಿ ನೋಡಿ, ಪರಕೀಯವೆನಿಸಿದ್ದನ್ನು ಕೊಲ್ಲುತ್ತವೆ. ಈ ಗಡ್ಡೆಯ ಕೋಶಗಳು ಚೀಲದ ಬಾಯನ್ನೇ ಹೊಲಿದುಕೊಂಡಿರುತ್ತವೆ. ಸಾಲದ್ದಕ್ಕೆ ಪಹರೆಯವರಿಗೆ ಮಂಪರು ಹಿಡಿಸುವ ಟಿಜಿಎಫ್-ಬೀಟಾ ಎಂಬ ಪ್ರೋಟೀನನ್ನೂ ಸ್ರವಿಸುತ್ತವೆ.

ಆದರೂ ಕೆಲವು ನಾಯಿಗಳಲ್ಲಿ ತಿಂಗಳುಗಳ ನಂತರ ಆಟ ತಿರುಗುತ್ತದೆ. ಗಡ್ಡೆಯೊಳಗೆ ಸೇರಿಕೊಂಡ ಲಿಂಫೋಸೈಟುಗಳು ಇಂಟರ್‌ಲ್ಯೂಕಿನ್-6 ಎಂಬ ಪ್ರೋಟೀನು ಸುರಿಸಿ ಮಂಪರು ಇಳಿಸುತ್ತವೆ. ಚೀಲಗಳ ಹೊಲಿಗೆ ಬಿಚ್ಚಿಕೊಳ್ಳುತ್ತದೆ. ಗಡ್ಡೆ ತಾನಾಗಿ ಕರಗುತ್ತದೆ.

ಕರಗದಿದ್ದರೆ ವಿನ್‌ಕ್ರಿಸ್ಟೀನ್ ಇದೆ. ವಾರಕ್ಕೊಂದರಂತೆ ನರಕ್ಕೆ ಚುಚ್ಚುಮದ್ದು, ನಾಲ್ಕರಿಂದ ಎಂಟು ವಾರ. ಬಹುಪಾಲು ನಾಯಿಗಳು ಪೂರ್ತಿ ಗುಣವಾಗುತ್ತವೆ. ವಿನ್‌ಕ್ರಿಸ್ಟೀನಿನ ಮೂಲ ನಮ್ಮ ಹಿತ್ತಲಿನ ನಿತ್ಯಪುಷ್ಪ. ಕೋಶವಿಭಜನೆಯನ್ನು ತಡೆಯುವುದು ಈ ಮದ್ದಿನ ಕೆಲಸ ಎಂಬುದು ಹಳೆಯ ತಿಳಿವಳಿಕೆ. 2018ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು ಮದ್ದಿಗೆ ಮುಂಚೆ ಮತ್ತು ಆಮೇಲೆ ಗಡ್ಡೆಯ ಚೂರು ತೆಗೆದು ನೋಡಿದಾಗ ಕಂಡದ್ದು ಇನ್ನೂ ದೊಡ್ಡದು: ಉರಿಯೂತ ಎಬ್ಬಿಸಿ, ನಾಯಿಯದೇ ರಕ್ಷಕ ಕೋಶಗಳನ್ನು ಗಡ್ಡೆಯೊಳಕ್ಕೆ ನುಗ್ಗಿಸುವ ಸಂಕೇತಗಳು ಅಲ್ಲಿ ಉಕ್ಕಿದ್ದವು. ಕೊಲ್ಲುವ ಕೆಲಸದಲ್ಲಿ ನಾಯಿಯ ಮೈಯದೂ ದೊಡ್ಡ ಪಾಲು.

ಇದನ್ನು ಓದಿ ಯಾರೂ ನಿತ್ಯಪುಷ್ಪದ ಸೊಪ್ಪು ಅರೆದು ನಾಯಿಗೆ ಕುಡಿಸಬಾರದು. ಟನ್‌ಗಟ್ಟಲೆ ಎಲೆಯಿಂದ ಕೆಲವೇ ಗ್ರಾಂ ವಿನ್‌ಕ್ರಿಸ್ಟೀನ್ ಸಿಗುತ್ತದೆ. ರಸ ಕುಡಿಸಿದರೆ ಗಿಡದ ಉಳಿದ ವಿಷಗಳೆಲ್ಲ ನಾಯಿಯ ಹೊಟ್ಟೆಗೆ. ಸೊಪ್ಪಿನ ರಸ ಸರ್ವರೋಗಕ್ಕೂ ಮದ್ದು ಎನ್ನುವ ಹಟಕ್ಕೆ ಮೂಕಪ್ರಾಣಿ ಬಲಿಯಾಗುವುದು ಬೇಡ.

ಪಹರೆಯನ್ನು ಎಬ್ಬಿಸುವ ಈ ಕೆಲಸವನ್ನೇ ಬೇರೆ ಕ್ಯಾನ್ಸರುಗಳಲ್ಲೂ ಮಾಡಲು ಲಸಿಕೆಗಳು ಬರುತ್ತಿವೆ. ನಾಯಿಯ ಬಾಯಲ್ಲಿ ಏಳುವ ಮೆಲನೋಮಕ್ಕೆ ಅಮೆರಿಕ 2010ರಲ್ಲಿ ಪೂರ್ಣ ಪರವಾನಗಿ ಕೊಟ್ಟ ಲಸಿಕೆಯಲ್ಲಿರುವುದು ಮನುಷ್ಯನ ಟೈರೋಸಿನೇಸ್ ಜೀನ್. ನಾಯಿಯದನ್ನು ಹೋಲುವ, ಆದರೆ ಪೂರ್ತಿ ಹೋಲದ ಪ್ರೋಟೀನು ಕಂಡು ಪಹರೆ ಕೆರಳುತ್ತದೆ. ಆ ಸಿಟ್ಟು ಗಡ್ಡೆಯ ಮೇಲೂ ತಿರುಗುತ್ತದೆ. ಫಲ ಎಲ್ಲ ನಾಯಿಗಳಲ್ಲೂ ಒಂದೇ ತೆರನಲ್ಲ. ಯೇಲ್‌ನ ಮಾರ್ಕ್ ಮಮುಲಾ 2016ರಿಂದ ಇನ್ನೊಂದು ಲಸಿಕೆಯನ್ನು 300ಕ್ಕೂ ಹೆಚ್ಚು ನಾಯಿಗಳ ಮೇಲೆ ಪರೀಕ್ಷಿಸಿದ್ದಾರೆ. ಮೂಳೆ ಕ್ಯಾನ್ಸರಿನ ನಾಯಿಗಳೂ ಅವುಗಳಲ್ಲಿವೆ.

ಸಂತೇಬೆನ್ನೂರಿನ ಬೀದಿನಾಯಿಗೆ ಅಷ್ಟು ದೂರದ ಲಸಿಕೆ ಬೇಕಿಲ್ಲ, ಹಳೆಯ ವಿನ್‌ಕ್ರಿಸ್ಟೀನೇ ಸಾಕು. ಕಷ್ಟವಿರುವುದು ಅದೇ ನಾಯಿಯನ್ನು ವಾರ ತಪ್ಪದೆ ಹಿಡಿದು ಪಶು ಆಸ್ಪತ್ರೆಗೆ ಒಯ್ಯುವುದರಲ್ಲಿ. ದಿನಾ ಅನ್ನ ಹಾಕಿ ಹೆಸರಿಟ್ಟು ಕರೆಯುವವರ ಹಿಂದೆ ಮಾತ್ರ ಅದು ಬರುತ್ತದೆ.